ಮೂರನೆಯ ಫೋಟೋ

ಇಂಥ ಸಂಗತಿಗಳನ್ನು ಹೇಳುವವರನ್ನು ನಾನು ಅರ್ಧಕ್ಕೇ ತಡೆದು ಪ್ರಶ್ನೆ ಕೇಳುತ್ತಿದ್ದವಳು. ಆಗ ಬೆಳಕು ಎಷ್ಟಿತ್ತು, ನಿಮಗೆ ಜ್ವರವಿತ್ತೇ, ಜೊತೆಗೆ ಯಾರಿದ್ದರು, ಅವರಿಗೂ ಕಂಡಿತೇ ಅಂತ. ನಾಲ್ಕು ಪ್ರಶ್ನೆ ಮುಗಿಯುವುದರೊಳಗೆ ದೆವ್ವ ಓಡಿಹೋಗುತ್ತಿತ್ತು, ಹೇಳುತ್ತಿದ್ದವರಿಗೆ ನನ್ನ ಮೇಲೆ ಸಿಟ್ಟು ಬರುತ್ತಿತ್ತು. ನಾನು ನರೇಗಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅಮಾವಾಸ್ಯೆಯ ದಿನ ದಾರಿಯಲ್ಲಿ ಬಿದ್ದ ನಿಂಬೆಹಣ್ಣನ್ನು ಮಕ್ಕಳ ಎದುರಿಗೇ ಎತ್ತಿಕೊಂಡು ಬಂದು, ಹಿಂಡಿ ಪಾನಕ ಮಾಡಿ ಕುಡಿದವಳು. ಆ ಪಾನಕದ ಸುದ್ದಿ ಊರಲ್ಲಿ ನನಗೆ ಸ್ವಲ್ಪ ಹೆಸರನ್ನೂ ತಂದಿತ್ತು. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಐದು ವರ್ಷದ ಹಿಂದೆ ಬೆಳವಣಕಿಯಲ್ಲಿ ನಡೆದದ್ದನ್ನು ಈಗ ಬರೆಯುತ್ತಿದ್ದೇನೆ. ನೀವು ನಂಬಬೇಕೆಂದಲ್ಲ. ನನ್ನ ಹಳೆಯ ಪ್ರಶ್ನೆಗಳನ್ನೆಲ್ಲ ನನಗೇ ಕೇಳಿಕೊಂಡು ನೋಡಿದ್ದೇನೆ. ಬೆಳಕು ಚೆನ್ನಾಗಿತ್ತು, ಮಟಮಟ ಮಧ್ಯಾಹ್ನ. ಜ್ವರ ಇರಲಿಲ್ಲ. ಜೊತೆಗೆ ಹನ್ನೆರಡು ಹೆಂಗಸರಿದ್ದರು, ಎಲ್ಲರಿಗೂ ಕಂಡಿತು.

ಆ ವರ್ಷ ದೀಪಾವಳಿಗೆ ನಮ್ಮ ಮನೆಯವರು ನನಗೊಂದು ಪುಟ್ಟ ಪ್ರಿಂಟರ್ ತರಿಸಿಕೊಟ್ಟಿದ್ದರು. ಸಾಬೂನಿನ ಡಬ್ಬಿಗಿಂತ ತುಸು ದೊಡ್ಡದು, ಅಂಗೈಯಲ್ಲಿ ಹಿಡಿಯಬಹುದು. ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸಿ, ಬೇಕಾದ ಫೋಟೋ ಆರಿಸಿ ಬೆರಳಿಟ್ಟರೆ, ಒಂದು ಬದಿಯ ಸೀಳಿನಿಂದ ಇಸ್ಪೀಟೆಲೆಯಷ್ಟು ದೊಡ್ಡ ಫೋಟೋ ನಿಧಾನವಾಗಿ ಹೊರಗೆ ಬರುತ್ತದೆ. ಅದಕ್ಕೆ ಶಾಯಿ ಬೇಡ. ಬಣ್ಣವೆಲ್ಲ ಆ ಕಾಗದದ ಪದರದೊಳಗೇ ಕಣ್ಣಿಗೆ ಕಾಣದಂತೆ ಇರುತ್ತದೆ. ಯಂತ್ರದೊಳಗಿನ ಒಂದು ಪಟ್ಟಿ ಕಾಗದವನ್ನು ಎಲ್ಲಿ ಎಷ್ಟು ಬಿಸಿ ಮಾಡುತ್ತದೋ ಅಲ್ಲಿ ಅಷ್ಟು ಬಣ್ಣ ಏಳುತ್ತದೆ. ಬಿಸಿ ತಗಲದ ಜಾಗ ಬೆಳ್ಳಗೇ ಉಳಿಯುತ್ತದೆ. ಇದನ್ನು ನಾನು ಒಂಬತ್ತನೇ ತರಗತಿಗೆ ಪಾಠದಂತೆ ಹೇಳಿ, ಇಡೀ ವರ್ಗದ ಫೋಟೋ ತೆಗೆದು, ಹಿಂದಿನ ಅಂಟುಕಾಗದ ಬಿಡಿಸಿ ಹಾಜರಿ ಪುಸ್ತಕದ ಮೇಲೆ ಹಚ್ಚಿದ್ದೆ. ಹೊಸ ಸಾಮಾನು ಕೈಗೆ ಬಂದರೆ ನನಗೆ ತಡೆಯಲಾಗುವುದಿಲ್ಲ. ಹೋದಲ್ಲೆಲ್ಲ ಚೀಲದಲ್ಲಿ ಅದೂ ಇರುತ್ತಿತ್ತು. ನಮ್ಮ ದೊಡ್ಡಪ್ಪನ ಮನೆಯಲ್ಲಿ ಕಿರಿಯ ಸೊಸೆಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೊರಟಾಗಲೂ ಹಾಕಿಕೊಂಡೆ.

ದೊಡ್ಡಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆ ನಡೆಸುವವಳು ದೊಡ್ಡವ್ವ. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ, ಆದರೆ ಆಕೆ ದನಿ ಇಳಿಸಿದಳೆಂದರೆ ಮನೆಯಲ್ಲಿ ಪಾತ್ರೆ ಸಪ್ಪಳವೂ ನಿಲ್ಲುತ್ತಿತ್ತು. ಹಿರಿಯ ಮಗ ಬಸಣ್ಣ, ಅವನ ಹೆಂಡತಿ ಗಂಗವ್ವ. ಅವರಿಗೆ ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಕಿರಿಯವನು ಮಂಜುನಾಥ, ಅವನ ಹೆಂಡತಿ ಶೋಭಾ. ಮದುವೆಯಾದ ವರ್ಷದೊಳಗೇ ಗರ್ಭಿಣಿಯಾದವಳು, ಆಗ ಏಳು ತಿಂಗಳು. ಗಂಗವ್ವನನ್ನು ನಾನು ವೈನಿ ಎನ್ನುತ್ತಿದ್ದೆ. ನಾನು ನಾದಿನಿಯಾದರೂ, ಸಾಲಿಯಲ್ಲಿ ಕಲಿಸುತ್ತೇನೆಂದು ಅವಳು ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ನರಗುಂದದ ಕಡೆಯ ಹುಡುಗಿ, ಗಟ್ಟಿಮುಟ್ಟು ಕೈಕಾಲು, ನಕ್ಕರೆ ಒಸಡು ಕಾಣುತ್ತಿತ್ತು.

ಕಡಲೆ ಕೀಳುವ ಕಾಲ. ರೋಣದಲ್ಲಿ ಬಸ್ಸು ಬದಲಿಸಿ ನಾನು ಬೆಳವಣಕಿ ಮುಟ್ಟಿದಾಗ ಇನ್ನೂ ಎಂಟು ಗಂಟೆಯಾಗಿರಲಿಲ್ಲ. ಗಂಗವ್ವ ಅಡಿಗೆಮನೆಯಲ್ಲಿ ಒಬ್ಬಳೇ ಹೂರಣ ರುಬ್ಬುತ್ತಿದ್ದಳು. ಅವತ್ತು ಎಪ್ಪತ್ತು ಜನರ ಊಟ. ಉಳಿದ ಹೆಂಗಸರು ಬಳೆಗಾರನ ಸುತ್ತ ಕೂತು ಹಸಿರು ಬಳೆ ಇಡಿಸಿಕೊಳ್ಳುತ್ತಿದ್ದರು. ನಾನು ಅವಳ ಫೋಟೋ ತೆಗೆದು ಅಲ್ಲೇ ಯಂತ್ರದಿಂದ ಹೊರಗೆ ಬರಿಸಿ ಕೈಯಲ್ಲಿಟ್ಟೆ. ಚಲೋ ಬಂದಿತ್ತು. ಅವಳು ಕೈಯನ್ನು ಸೀರೆಗೆ ಒರೆಸಿ ಒರೆಸಿ, ಅಂಚು ಹಿಡಿದು ನೋಡಿದಳು. ಮದುವೆಯ ನಂತರ ತನ್ನದೊಂದು ಫೋಟೋ ಇದೇ ಮೊದಲು ಅಂದಳು. ನೀರು ಬಿದ್ದರೆ ಅಳಿಸಿಹೋಗುತ್ತದೇನು ಎಂದು ಕೇಳಿದಳು, ಇಲ್ಲ ಅಂದೆ. ಕುಪ್ಪಸದೊಳಗೆ ಇಟ್ಟುಕೊಂಡು ಮತ್ತೆ ರುಬ್ಬಲು ಕೂತಳು.

ಹನ್ನೊಂದಕ್ಕೆ ಪಡಸಾಲೆಯಲ್ಲಿ ಶೋಭಾಳನ್ನು ಕುರ್ಚಿಯಲ್ಲಿ ಕೂರಿಸಿದರು. ಹಸಿರು ಸೀರೆ, ಮೊಣಕೈತನಕ ಬಳೆ, ಜಡೆ ತುಂಬ ಮಲ್ಲಿಗೆ. ಮುತ್ತೈದೆಯರು ಒಬ್ಬೊಬ್ಬರೇ ಬಂದು ಉಡಿ ತುಂಬಿ ಆರತಿ ಎತ್ತಿದರು. ಗಂಗವ್ವನೂ ಮುತ್ತೈದೆಯೇ. ಆದರೆ ಅವಳನ್ನು ಯಾರೂ ಕರೆಯಲಿಲ್ಲ. ಅವಳೂ ಕರೆಯುತ್ತಾರೆಂದು ಕಾಯುತ್ತಿರಲಿಲ್ಲ. ಕೊಬ್ಬರಿ ಮುಗಿದಾಗ ಕೊಬ್ಬರಿ, ಎಣ್ಣೆ ಮುಗಿದಾಗ ಎಣ್ಣೆ ತಂದು, ಶೋಭಾಳ ಕಡೆ ನೋಡದ ಹಾಗೆ ಕೊಟ್ಟು ಹೋಗುತ್ತಿದ್ದಳು. ನೋಡಬಾರದೆಂದು ಅವಳಿಗೆ ಮೊದಲೇ ಹೇಳಿಟ್ಟಿದ್ದರೆಂದು ಕಾಣುತ್ತದೆ. ಇದು ನನ್ನ ಕಣ್ಣಿಗೆ ಬಿತ್ತು. ನೋಡಿದೆ, ಸುಮ್ಮನಿದ್ದೆ. ಮನೆಮನೆಯಲ್ಲೂ ಇದ್ದದ್ದೇ ಅಂದುಕೊಂಡೆ.

ಎಲ್ಲರೂ ಕೂತು ಒಂದು ಫೋಟೋ ಆಗಬೇಕೆಂದರು. ನಾನೂ ಅದರಲ್ಲಿ ಇರಬೇಕೆಂದು ದೊಡ್ಡವ್ವನ ಆಸೆ. ಹಾಗಾದರೆ ತೆಗೆಯುವವರು ಯಾರು ಎಂಬ ಮಾತು ಬಂತು.

“ಗಂಗಿ ತಗೀಲಿ ಬಿಡು,” ಅಂದಳು ದೊಡ್ಡವ್ವ. “ಆಕೀದೇನ ಕುಂದ್ರೂದೈತಿ?”

ಯಾರೋ ನಕ್ಕರು. ಗಂಗವ್ವನೂ ನಕ್ಕಳು. ನಾನು ಎಲ್ಲಿ ಬೆರಳಿಡಬೇಕೆಂದು ತೋರಿಸಿ ಫೋನು ಕೊಟ್ಟೆ. ಪಡಸಾಲೆಯಲ್ಲಿ ಒಂದು, ಆಮೇಲೆ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಇನ್ನೊಂದು, ಎರಡು ಫೋಟೋ ತೆಗೆದಳು. ತೆಗೆಯುವಾಗ ಅವಳು ಫೋನನ್ನು ಸ್ವಲ್ಪ ದೂರ ಸರಿಸಿ, ಮತ್ತೆ ಹತ್ತಿರ ತಂದು ನೋಡಿದ್ದು ನೆನಪಿದೆ. ಹೊಸಬಳು, ರೂಢಿಯಿಲ್ಲ ಅಂದುಕೊಂಡೆ.

ಜನ ಊಟಕ್ಕೆ ಎದ್ದಾಗ ನಾನು ಶೋಭಾಳನ್ನು ಒಳಕೋಣೆಯ ಕಿಟಕಿಯ ಹತ್ತಿರ ನಿಲ್ಲಿಸಿ, ಹೊಟ್ಟೆಯ ಮೇಲೆ ಕೈಯಿಡಿಸಿ ಅವಳೊಬ್ಬಳದೇ ಒಂದು ಫೋಟೋ ತೆಗೆದೆ. ಬೆಳಕು ಒಂದು ಕಡೆಯಿಂದ ಬಿದ್ದು ಬಹಳ ಚಂದ ಬಂದಿತ್ತು. ನನ್ನ ಹಿಂದೆ ಗಂಗವ್ವ ಆರತಿ ತಟ್ಟೆ ಹಿಡಿದು ದಾರಿ ಬಿಡಲೆಂದು ಕಾಯುತ್ತಿದ್ದಳು. ಇದು ಮೂರನೆಯ ಫೋಟೋ. ತೆಗೆದದ್ದು ನಾನು.

ಊಟವಾದ ಮೇಲೆ ಶೋಭಾ ಸೊಂಟ ನೋವೆಂದು ಒಳಗೆ ಮಲಗಿದಳು. ಹೆಂಗಸರು ಎಲೆಅಡಿಕೆ ಹಾಕಿಕೊಳ್ಳುತ್ತ ಪಡಸಾಲೆಯಲ್ಲಿ ಕೂತಿದ್ದರು. ನಾನು ಯಂತ್ರ ತೆಗೆದು ನಡುವೆ ಇಟ್ಟೆ. ಎಲ್ಲರೂ ಹತ್ತಿರ ಸರಿದರು. ಮೊದಲು ದೊಡ್ಡವ್ವನ ಫೋಟೋ ತೆಗೆದು ಮಾಡಿ ತೋರಿಸಿದೆ, ಸ್ವಚ್ಛವಾಗಿ ಬಂತು. ಆಮೇಲೆ ಪಡಸಾಲೆಯ ಫೋಟೋ. ಸೀಳಿನಿಂದ ಮುಖಗಳು ಒಂದೊಂದಾಗಿ ಹೊರಬಂದವು, ಪ್ರತಿ ಮುಖಕ್ಕೂ ಯಾರೋ ಹೆಸರು ಹೇಳಿ ನಗುತ್ತಿದ್ದರು. ಶೋಭಾಳ ಮುಖ ಬಂತು, ಹೆಗಲು ಬಂತು. ಹೊಟ್ಟೆ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಬೆಳ್ಳಗೆ, ಗುಂಡಗೆ, ಕಾಗದ ಬರೀ ಕಾಗದವಾಗಿತ್ತು. ಅದರ ಕೆಳಗೆ ಮತ್ತೆ ಸೀರೆಯ ನಿರಿಗೆ, ಪಾದ, ಕಾಲುಂಗುರ ಎಲ್ಲ ಸರಿಯಾಗಿದ್ದವು.

ಧೂಳು ಕೂತಿದೆ ಅಂದೆ. ಬಿಸಿಪಟ್ಟಿಯ ಮೇಲೆ ಧೂಳು ಕೂತರೆ ಹಾಗಾಗುತ್ತದೆ. ಕಾಗದದ ಪೊಟ್ಟಣದ ಜೊತೆ ಯಂತ್ರ ಒರೆಸಲು ಒಂದು ನೀಲಿ ಹಾಳೆ ಬರುತ್ತದೆ, ಅದನ್ನು ಎರಡು ಸಲ ಓಡಿಸಿದೆ. ಬೇವಿನ ಗಿಡದ ಫೋಟೋ ಹಾಕಿದೆ. ಇದರಲ್ಲಿ ಶೋಭಾ ನಡುವೆ ಇರಲಿಲ್ಲ, ಎಡಗಡೆಯ ತುದಿಗೆ ಇದ್ದಳು. ಧೂಳಿನ ಕಲೆಯಾಗಿದ್ದರೆ ಕಾಗದದ ನಡುವೆಯೇ ಬರಬೇಕಿತ್ತು. ನಡುವೆ ಏನೂ ಆಗಿರಲಿಲ್ಲ. ಬಿಳಿ ಎಡತುದಿಗೆ ಹೋಗಿ ಶೋಭಾಳ ಮಡಿಲಲ್ಲಿ ಕೂತಿತ್ತು. ಪಕ್ಕದಲ್ಲಿ ಕೂತವಳ ಮೊಣಕೈ ಅವಳ ಹೊಟ್ಟೆಗೆ ತಾಗಿದ್ದ ಕಡೆ, ಮೊಣಕೈ ಪೂರ್ತಿಯಾಗಿತ್ತು. ಅದರ ಗೆರೆಯ ಆಚೆಗೆ ಬಿಳಿ ಶುರುವಾಗುತ್ತಿತ್ತು, ಕತ್ತರಿಯಿಂದ ಕತ್ತರಿಸಿದ ಹಾಗೆ.

ಯಾರೂ ಈಗ ನಗುತ್ತಿರಲಿಲ್ಲ. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಯಂತ್ರ ಕೆಟ್ಟಿದೆ ಎಂದು ಚೀಲಕ್ಕೆ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಹಟ ಬಂತು. ಕಾರಣ ಹುಡುಕಿ ತೋರಿಸುವ ಹಟ. ಮೂರನೆಯ ಫೋಟೋ ಹಾಕಿದೆ. ಕಿಟಕಿ ಬಂತು, ಬೆಳಕು ಬಂತು, ಶೋಭಾ ಬಂದಳು, ಅವಳ ಕೈ ಬಂತು. ಕೈಯ ಕೆಳಗೆ ಬಿಳಿ.

ಫೋನಿನಲ್ಲಿ ಮೂರೂ ಫೋಟೋ ಪೂರ್ತಿಯಾಗಿದ್ದವು. ನಾನು ತೋರಿಸಿದೆ. ಯಾರೂ ಫೋನಿನ ಕಡೆ ನೋಡಲಿಲ್ಲ. ಶೋಭಾಳ ತಾಯಿ ಮೂರು ಫೋಟೋಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು. ದೊಡ್ಡವ್ವ ದನಿ ಇಳಿಸಿ ನನ್ನನ್ನು ಕೇಳಿದಳು:

“ಇವನ್ನ ಯಾರ ತಗದಾರ, ತಂಗಿ?”

ಗಂಗವ್ವ ಆಗ ಅಡಿಗೆಮನೆಯ ಬಾಗಿಲಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದಳು. ಹನ್ನೆರಡು ಜನ ನನ್ನ ಬಾಯಿ ನೋಡುತ್ತಿದ್ದರು.

“ವೈನಿ ತಗದಾರ,” ಅಂದೆ.

ಎರಡು ಅವಳು ತೆಗೆದದ್ದು, ಒಂದು ನಾನು ತೆಗೆದದ್ದು ಎಂದು ಹೇಳಲು ಇನ್ನೆಷ್ಟು ಹೊತ್ತು ಬೇಕಿತ್ತು? ನಾನು ಬೇಕಂತಲೇ ಹೇಳಲಿಲ್ಲ. ಮರೆತೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ, ಅದು ಸುಳ್ಳು. ಆ ಕ್ಷಣದಲ್ಲಿ ನನಗೆ ಚೆನ್ನಾಗಿ ನೆನಪಿತ್ತು. ಆ ಕಣ್ಣುಗಳು ನನ್ನ ಕಡೆ ತಿರುಗಬಾರದು ಅನ್ನಿಸಿತು, ಅಷ್ಟೇ. ಕೆಟ್ಟ ದೃಷ್ಟಿ ಎಂಬುದೇ ಇಲ್ಲ ಎಂದು ಪಾಠ ಮಾಡುವವಳು, ಅದರ ಆರೋಪ ನನ್ನ ಮೇಲೆ ಬರದಿರಲೆಂದು ಅದನ್ನು ಇನ್ನೊಬ್ಬಳ ಮೇಲೆ ಹಾಕಿದೆ.

ಗಂಗವ್ವ ನನ್ನನ್ನು ನೋಡಿದಳು. ಕೊಡ ಕೆಳಗಿಟ್ಟಳು.

ಮುಂದೆ ನಡೆದದ್ದು ಗದ್ದಲವಿಲ್ಲದೆ ನಡೆಯಿತು. ಅದೇ ನನಗೆ ಈಗಲೂ ಹೆದರಿಕೆ ಹುಟ್ಟಿಸುತ್ತದೆ. ದೊಡ್ಡವ್ವ ಮೂರು ಫೋಟೋಗಳನ್ನು ಒಲೆಗೆ ಹಾಕಿದಳು, ಅವು ಸುರುಳಿಯಾಗಿ ಕಪ್ಪಾದವು. ಆಮೇಲೆ ಒಂದು ಬೊಗಸೆ ಒಣಮೆಣಸಿನಕಾಯಿ ತಂದು, ಶೋಭಾ ಮಲಗಿದ್ದ ಕೋಣೆಯ ಬಾಗಿಲಿಗೆ ನಿವಾಳಿಸಿ, ಗಂಗವ್ವನನ್ನು ಒಲೆಯ ಮುಂದೆ ಕೂರಲು ಹೇಳಿದಳು. ಮೆಣಸಿನಕಾಯಿ ಸುಟ್ಟಾಗ ಘಾಟು ಬಂದರೆ ಅವಳ ಕಣ್ಣಿನ ನೆದರು ತಾಗಿಲ್ಲ, ಘಾಟು ಬರದಿದ್ದರೆ ತಾಗಿದೆ. ಇದು ಅವರ ಪರೀಕ್ಷೆ. ಬಸಣ್ಣ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ. ಗಂಗವ್ವ ಅವನ ಕಡೆ ನೋಡಿದಳು. “ಅವ್ವ ಹೇಳಿದಂಗ ಮಾಡು,” ಅಂದು ಅವನು ಹೊರಗೆ ಹೋದ.

ಶೋಭಾಳ ತಾಯಿ ಮತ್ತು ನೆರೆಮನೆಯ ಇಬ್ಬರು ಗಂಗವ್ವನ ತಲೆ ಹಿಡಿದು ಕೆಂಡದ ಮೇಲೆ ಬಗ್ಗಿಸಿದರು. ದೊಡ್ಡವ್ವ ಮೆಣಸಿನಕಾಯಿ ಸುರಿದಳು. ಕಣ್ಣು ತೆರೆದಿರಬೇಕೆಂದು ಒಬ್ಬಳು ರೆಪ್ಪೆ ಎತ್ತಿ ಹಿಡಿದಿದ್ದಳು. ಘಾಟು ಬಂತು. ಇಡೀ ಮನೆ ಕೆಮ್ಮಿತು, ಅಂಗಳದಲ್ಲಿದ್ದ ಗಂಡಸರೂ ಕೆಮ್ಮಿದರು. ಅವರ ಮಾತಿನ ಪ್ರಕಾರವೇ ಗಂಗವ್ವನದು ತಪ್ಪಿಲ್ಲ ಎಂದು ತೀರ್ಮಾನವಾಗಬೇಕಿತ್ತು. ಆದರೆ ದೊಡ್ಡವ್ವ, ಇಷ್ಟು ಘಾಟು ಬಂತೆಂದರೆ ನೆದರು ಅಷ್ಟು ಖಾರವಾಗಿದೆ ಅಂದಳು. ಎಲ್ಲರೂ ಹೌದೆಂದರು. ಪ್ರಯೋಗ ನಡೆಯುತ್ತಿರುವಾಗ ನಿಯಮ ಬದಲಾದದ್ದು ಆ ಕೋಣೆಯಲ್ಲಿ ನನಗೊಬ್ಬಳಿಗೆ ತಿಳಿದಿತ್ತು. ಗಂಗವ್ವ ಚೀರಲಿಲ್ಲ. ಉಸಿರು ಸಿಗದೆ ಕಾಲು ಮಾತ್ರ ನೆಲಕ್ಕೆ ಬಡಿಯುತ್ತಿದ್ದಳು. ನನಗೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದನ್ನೇ ನೆವ ಮಾಡಿಕೊಂಡು ಹೊರಗೆ ಬಂದೆ. ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ನಾಲ್ಕರ ಬಸ್ಸು ಹಿಡಿದೆ. ಬಸ್ಸಿನಲ್ಲಿ ಪಕ್ಕದವರು ಯಾಕೆ ಕೆಮ್ಮುತ್ತೀರಿ ಎಂದು ಕೇಳಿದರೆ, ಒಗ್ಗರಣೆಯ ಘಾಟು ಅಂದೆ.

ಮರುದಿನ ಬೆಳಿಗ್ಗೆ ಶಾಲೆಯ ಪ್ರಯೋಗಾಲಯದಲ್ಲಿ ಬಾಗಿಲು ಹಾಕಿಕೊಂಡು, ಅದೇ ಪೊಟ್ಟಣದಲ್ಲಿ ಉಳಿದಿದ್ದ ಕಾಗದದ ಮೇಲೆ ಆ ಮೂರೂ ಫೋಟೋಗಳನ್ನು ಮತ್ತೆ ಹಾಕಿದೆ. ಮೂರೂ ಪೂರ್ತಿಯಾಗಿ ಬಂದವು. ಶೋಭಾಳ ಹೊಟ್ಟೆ, ಮೇಲೆ ಅವಳ ಕೈ, ಬಳೆಯ ಹೊಳಪು. ಒಂದು ಚುಕ್ಕೆಯಷ್ಟೂ ಬಿಳಿ ಇಲ್ಲ.

ಆ ಫೋಟೋಗಳನ್ನು ಹಿಡಿದುಕೊಂಡು ಅವತ್ತೇ ಬೆಳವಣಕಿಗೆ ಹೋಗಿದ್ದರೆ ಎಂದು ನೀವು ಕೇಳಬಹುದು. ಫೋನಿನಲ್ಲಾದರೂ ಹೇಳಬಹುದಿತ್ತು. ರವಿವಾರ ಹೋದರಾಯಿತು ಅಂದುಕೊಂಡೆ. ರವಿವಾರ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನದ ತಯಾರಿ ಇತ್ತು. ಮುಂದಿನ ರವಿವಾರ ಅಂದುಕೊಂಡೆ. ಫೋಟೋಗಳು ಕಪಾಟಿನಲ್ಲಿ ಸೀರೆಯ ಮಡಿಕೆಯಲ್ಲಿ ಉಳಿದವು.

ಹನ್ನೆರಡನೆಯ ದಿನ ಮಂಜುನಾಥ ನಮ್ಮ ಮನೆಯವರಿಗೆ ಫೋನು ಮಾಡಿದ. ಹಿಂದಿನ ದಿನದಿಂದ ಹೊಟ್ಟೆಯಲ್ಲಿ ಕೂಸು ಅಲುಗಾಡಿರಲಿಲ್ಲವಂತೆ. ಗದಗಿಗೆ ಕರೆದುಕೊಂಡು ಹೋದರೆ ಜೀವ ಹೋಗಿ ಬಹಳ ಹೊತ್ತಾಗಿತ್ತು. ಗಂಡು. ಹೊಕ್ಕುಳಬಳ್ಳಿ ಕೊರಳಿಗೆ ಎರಡು ಸುತ್ತು ಸುತ್ತಿತ್ತು ಎಂದು ಡಾಕ್ಟರು ಹೇಳಿದರು. ಹಾಗಾಗುವುದುಂಟು. ಅದಕ್ಕೆ ಯಾರ ಕಣ್ಣೂ ಬೇಕಿಲ್ಲ. ಇದನ್ನು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಹನ್ನೆರಡು ದಿನ ಮೊದಲು ಕಾಗದದ ಮೇಲೆ ಅದೇ ಜಾಗದಲ್ಲಿ ಏನೂ ಇರಲಿಲ್ಲವಲ್ಲ ಎಂಬುದರ ಮುಂದೆ ಆ ನಂಬಿಕೆ ಮಾತಾಡದೆ ನಿಂತುಬಿಡುತ್ತದೆ.

ಶೋಭಾಳನ್ನು ಮನೆಗೆ ಕರೆತರುವ ಮೊದಲೇ ಗಂಗವ್ವನನ್ನು ಹೊರಗೆ ಹಾಕಿದರು. ಬಸಣ್ಣನೇ ಮೋಟಾರ್ ಸೈಕಲ್ ಮೇಲೆ ಒಯ್ದು ರೋಣದ ಬಸ್ ನಿಲ್ದಾಣದಲ್ಲಿ ಇಳಿಸಿ ಬಂದನಂತೆ. ಅವಳು ಹೋದ ಮೇಲೆ ಹೊಸ್ತಿಲು ತೊಳೆದರಂತೆ. ತವರಿನಲ್ಲಿ ತಾಯಿ ಇಲ್ಲ, ಅಣ್ಣನಿಗೆ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ಅವನ ಹೆಂಡತಿಯೂ ಆಗ ಬಸುರಿ. ಒಂದು ರಾತ್ರಿಯೂ ಇರಗೊಡಲಿಲ್ಲ. ವರ್ಷ ತುಂಬುವುದರೊಳಗೆ ಬಸಣ್ಣನಿಗೆ ಇನ್ನೊಂದು ಲಗ್ನ ಮಾಡಿದರು. ಅದಕ್ಕೆ ನನಗೆ ಕರೆ ಬಂತು. ಹೋದೆ. ಅಕ್ಕಿ ಕಾಳು ಹಾಕಿದೆ, ಊಟ ಮಾಡಿದೆ, ಬಂದೆ.

ಅದಾಗಿ ಎರಡು ವರ್ಷಕ್ಕೆ ತರಬೇತಿಯೊಂದಕ್ಕೆ ಗಜೇಂದ್ರಗಡಕ್ಕೆ ಹೋಗಿದ್ದೆ. ಜೊತೆಗಿದ್ದ ಶಿಕ್ಷಕಿಗೆ ಮಗ್ಗದ ಸೀರೆ ಕೊಳ್ಳುವುದಿತ್ತು. ಒಬ್ಬ ನೇಕಾರರ ಮನೆಗೆ ಹೋದೆವು. ಮುಂದಿನ ಕಟ್ಟೆಯ ಮೇಲೆ ಒಬ್ಬ ಹೆಂಗಸು ಚರಕ ತಿರುಗಿಸುತ್ತ ನೂಲು ಸುತ್ತುತ್ತಿದ್ದಳು. ತಲೆ ಎತ್ತದೆ, ಎಳೆಯನ್ನು ಬೆರಳಿನಿಂದಲೇ ತಿಳಿದು ಸುತ್ತುತ್ತಿದ್ದಳು. ನಾನು ಗುರುತು ಹಿಡಿಯುವ ಮೊದಲೇ ಅವಳು ನನ್ನ ದನಿ ಗುರುತಿಸಿದಳು.

“ಆರಾಮ ಅದೀರೇನ್ರಿ ಅಕ್ಕಾರ?”

ಎಡಗಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ ಇತ್ತು. ಅವತ್ತಿನಿಂದ ಹೀಗೇ ಅಂದಳು, ದವಾಖಾನೆಯಲ್ಲಿ ಆ ಕಣ್ಣಿನ ನೋಟ ಇನ್ನು ಬರುವುದಿಲ್ಲವೆಂದು ಹೇಳಿದ್ದಾರಂತೆ, ಇನ್ನೊಂದರಲ್ಲೂ ಮಸುಕಂತೆ. ದೂರದ ಸಂಬಂಧದ ಮುದುಕಿಯೊಬ್ಬಳ ಮನೆಯಲ್ಲಿ ಇರುತ್ತೇನೆ ಅಂದಳು. ನನ್ನ ಜೊತೆಯವಳು ಒಳಗೆ ಸೀರೆ ನೋಡುತ್ತಿದ್ದಳು. ನಾನು ಕಟ್ಟೆಯ ತುದಿಯಲ್ಲಿ ಕೂತೆ. ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡುತ್ತಿದ್ದೆ. ಅವಳೇ ಹೇಳಿದಳು, ಚರಕ ನಿಲ್ಲಿಸದೆ:

“ಮೂರನೇದ್ದು ನೀವ ತಗದಿದ್ರಿ.”

ಹೌದು ಅಂದೆ.

“ನಾ ನಿಮ್ಮ ಹಿಂದ ತಾಟ ಹಿಡಕೊಂಡ ನಿಂತಿದ್ದೆ. ಒಲಿ ಮುಂದ ಕುಂದ್ರಿಸಿದಾಗೂ ಅನ್ಕೊಂಡೆ, ಅಕ್ಕಾರ ಈಗ ಹೇಳ್ತಾರ, ಈಗ ಹೇಳ್ತಾರ ಅಂತ.”

ನೀನೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆ ಪ್ರಶ್ನೆ ಕೇಳುವ ಮುಖ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ.

“ನಾ ಹೇಳಿದ್ರ ಯಾರ್ರಿ ನಂಬತಿದ್ರು? ನೀವ ಹೇಳಿದ್ರ ನಂಬತಿದ್ರು. ನೀವು ಸಾಲ್ಯಾಗ ಕಲಸೋರು.”

ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ಆಮೇಲೆ ನಾನು ಕೇಳದೆಯೇ ಇನ್ನೊಂದು ಮಾತು ಹೇಳಿದಳು. ಅದನ್ನು ನಾನು ಎಷ್ಟೋ ಸಲ ಅಳೆದು ನೋಡಿದ್ದೇನೆ. ಯಂತ್ರದಿಂದ ಹೊರಗೆ ಬರುವುದಕ್ಕೆ ಮೊದಲೇ, ಫೋಟೋ ತೆಗೆಯುವಾಗಲೇ, ಫೋನಿನ ಗಾಜಿನ ಮೇಲೆ ಶೋಭಾಳ ಮಡಿಲು ಅವಳಿಗೆ ಬೆಳ್ಳಗೆ ಕಂಡಿತ್ತಂತೆ. ಬಿಸಿಲಿನ ಹೊಳಪಿರಬೇಕೆಂದು ಫೋನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳಂತೆ. ಹೋಗಲಿಲ್ಲ. ದೊಡ್ಡ ಫೋನು, ಹಾಗೇ ಇರುತ್ತದೇನೋ, ಕೇಳಿದರೆ ನಗುತ್ತಾರೆ ಅಂತ ಸುಮ್ಮನಾದಳು.

ಅಲ್ಲಿಯತನಕ ನನಗೆ ಒಂದು ಆಸರೆ ಇತ್ತು. ಯಂತ್ರ ಬಹಳ ಕಾದಿರಬೇಕು, ಕಾಗದ ಬಾಗಿರಬೇಕು, ಏನೋ ಆಗಿರಬೇಕು, ತಿಳಿದವರು ಒಂದು ದಿನ ಹೇಳಿಯಾರು ಎಂಬ ಆಸರೆ. ಫೋನಿನ ಗಾಜಿಗೂ ಕಾಗದದ ಬಿಸಿಗೂ ಏನೂ ಸಂಬಂಧವಿಲ್ಲ. ಅವಳಿಗೆ ಇಂಥ ಸುಳ್ಳು ಕಟ್ಟಿ ಆಗಬೇಕಾದ್ದೂ ಏನಿಲ್ಲ. ಆಗಬೇಕಾದದ್ದೆಲ್ಲ ಆಗಿಹೋಗಿತ್ತು.

ನನ್ನಿಂದ ಏನಾದರೂ ಆಗಬೇಕೇ ಎಂದು ಕೇಳಿದೆ. ಅವಳು ಚರಕ ನಿಲ್ಲಿಸಿದಳು.

“ಶೋಭಾಗ ಒಬ್ಬಾಕಿಗೆ ಹೇಳ್ರಿ. ಬ್ಯಾರೆ ಯಾರಿಗೂ ಹೇಳೂದು ಬ್ಯಾಡ. ಆಕಿ ಕೂಸು ನಾ ತಿಂದೀನಿ ಅಂತ ಆಕಿ ತಿಳಕೊಂಡಾಳಲ್ರಿ, ಅದೊಂದು ಹೋಗಲಿ.”

ಒಳಗಿನಿಂದ ಕರೆದರು. ಅವಳು ಸುತ್ತಿದ ನೂಲನ್ನು ಬುಟ್ಟಿಗೆ ಹಾಕಿಕೊಂಡು, ಗೋಡೆ ಮುಟ್ಟುತ್ತ ಎದ್ದುಹೋದಳು. ಮತ್ತೆ ಹೊರಗೆ ಬರಲಿಲ್ಲ.

ಈ ಸಲ ನಾನು ರವಿವಾರಕ್ಕೆ ಕಾಯಲಿಲ್ಲ. ಎರಡು ದಿನ ರಜೆ ಹಾಕಿ ಬೆಳವಣಕಿಗೆ ಹೋದೆ. ದೊಡ್ಡವ್ವ ಹೊಲಕ್ಕೆ ಹೋಗಿದ್ದಳು. ಶೋಭಾ ಪಡಸಾಲೆಯಲ್ಲಿ ಕೂತು ಮಗಳಿಗೆ ಅನ್ನ ತಿನ್ನಿಸುತ್ತಿದ್ದಳು. ಆ ಮಧ್ಯೆ ಅವಳಿಗೆ ಹೆಣ್ಣು ಮಗುವಾಗಿತ್ತು, ಆಗ ಹತ್ತು ತಿಂಗಳು. ಹುಬ್ಬಿನ ನಡುವೆ ಕಾಡಿಗೆಯ ದೊಡ್ಡ ಬೊಟ್ಟು. ನನ್ನನ್ನು ಕಂಡು ಶೋಭಾ ನಕ್ಕು, ಚಹಾ ಮಾಡಲೆಂದು ಎದ್ದಳು. ಬೇಡ, ಕೂಡು ಅಂದೆ.

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಿದ್ದವು. ಹೇಳುವಾಗ ಅವು ಯಾವುವೂ ಬರಲಿಲ್ಲ. ಗಂಗವ್ವ ಒಂದು ಕಣ್ಣಿಲ್ಲದೆ ಗಜೇಂದ್ರಗಡದಲ್ಲಿ ಇದ್ದಾಳೆ ಅಂದೆ. ಅವಳದು ತಪ್ಪಿಲ್ಲ ಅಂದೆ. ಅವತ್ತು ಬಿಳಿಯಾಗಿ ಬಂದ ಫೋಟೋ ಎರಡಲ್ಲ, ಮೂರು, ಮೂರನೆಯದು ಕಿಟಕಿಯ ಹತ್ತಿರದ್ದು ಎಂದು ಹೇಳಿದೆ. ಶೋಭಾ ಆ ಫೋಟೋಗಳನ್ನು ನೋಡಿಯೇ ಇರಲಿಲ್ಲ. ಅವಳು ಒಳಗೆ ಮಲಗಿದ್ದಾಗ ಎಲ್ಲ ಮುಗಿದುಹೋಗಿತ್ತು, ಆಮೇಲೆ ಅವಳಿಗೆ ಬೇಕಾದಷ್ಟನ್ನೇ ಹೇಳಿದ್ದರು.

ಅವಳು ತುತ್ತನ್ನು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದಳು.

“ಕಿಡಕ್ಯಾಗಿಂದು ನೀವ ತಗದಿದ್ರಲ್ಲ,” ಅಂದಳು.

ಹೌದು, ಅದನ್ನೇ ಹೇಳಲು ಬಂದೆ ಅಂದೆ. ನನಗೆ ಅಳು ಬಂತು. ಇಷ್ಟು ವರ್ಷದ ಮೇಲೆ ಹೇಳಿಬಿಟ್ಟೆ, ಇನ್ನು ಅವಳು ನನ್ನನ್ನು ಬೈಯಲಿ, ಗಂಗವ್ವನ ಮೇಲಿನ ಮಾತು ಹೋಯಿತಲ್ಲ ಅನ್ನಿಸಿತು. ಕಣ್ಣು ಒರೆಸಿಕೊಂಡು ನೋಡಿದರೆ ಶೋಭಾ ಕೂತಲ್ಲೇ ಸ್ವಲ್ಪ ಹಿಂದಕ್ಕೆ ಸರಿದಿದ್ದಳು. ಬೈಯುವವಳ ಮುಖವಾಗಿರಲಿಲ್ಲ ಅದು. ದನಿ ಬಹಳ ಸಣ್ಣದಾಗಿತ್ತು.

“ಹಂಗಾರ ಅದು ನೀವಾ ಏನ್ರಿ?”

ಅಲ್ಲ ಅನ್ನಬೇಕಿತ್ತು. ಹಾಗೆಲ್ಲ ಏನೂ ಇರುವುದಿಲ್ಲ, ಯಾರ ಕಣ್ಣಿನಿಂದಲೂ ಯಾರ ಕೂಸೂ ಸಾಯುವುದಿಲ್ಲ, ಹೊಕ್ಕುಳಬಳ್ಳಿ ಸುತ್ತಿತ್ತು ಎಂದು ಡಾಕ್ಟರು ಹೇಳಿಲ್ಲವೇ ಎಂದು ಕೇಳಬೇಕಿತ್ತು. ವರ್ಗದಲ್ಲಿ ನಲವತ್ತು ಮಕ್ಕಳ ಮುಂದೆ ತಡವರಿಸದೆ ಹೇಳುತ್ತೇನೆ. ಅವತ್ತು ಬಾಯಿ ತೆರೆದೆ. ಕಿಟಕಿಯ ಬೆಳಕಿನಲ್ಲಿ ಅವಳನ್ನು ನಿಲ್ಲಿಸಿ, ಹೊಟ್ಟೆಯ ಮೇಲೆ ಕೈಯಿಡಿಸಿ, ಎಷ್ಟು ಚಂದ ಕಾಣುತ್ತಿದ್ದಾಳೆ ಎಂದು ಮನಸ್ಸಿನಲ್ಲಿ ಅಂದುಕೊಂಡೇ ಬೆರಳಿಟ್ಟಿದ್ದೆ. ಆ ಹೊತ್ತಿನಲ್ಲಿ ಗಾಜಿನ ಮೇಲೆ ನನಗೆ ಏನು ಕಂಡಿತ್ತೆಂದು ನೆನಪು ಮಾಡಿಕೊಳ್ಳಲು ಆ ಪಡಸಾಲೆಯಲ್ಲೇ ಯತ್ನಿಸಿದೆ. ಬೆಳಕಷ್ಟೇ ನೆನಪಾಯಿತು. ಈಗಲೂ ಅಷ್ಟೇ.

“ನನಗ ಗೊತ್ತಿಲ್ಲ ಶೋಭಾ,” ಅಂದೆ.

ಅವಳು ಎಂಜಲು ಕೈಯಲ್ಲೇ ಸೆರಗು ಎಳೆದು ಮಗಳ ಮುಖವನ್ನು ಪೂರ್ತಿ ಮುಚ್ಚಿದಳು. ಕೂಸು ಒಳಗಿನಿಂದ ಸೆರಗು ಸರಿಸಲು ಕೈ ಆಡಿಸುತ್ತಿತ್ತು. ಅವಳು ಸರಿಸಗೊಡಲಿಲ್ಲ, ನಾನು ಎದ್ದು ಹೋಗುವ ತನಕ.